ಎರಡು ಪಂಚೆಗಳ ಪರೀಕ್ಷೆ

ಸಾಕ್ಷಿಯಿಲ್ಲದೆ ಯಾವುದನ್ನೂ ನಂಬಬಾರದು ಎಂಬ ಕಾಯಿಲೆ ನನಗೆ ವಿಶ್ವವಿದ್ಯಾಲಯದಲ್ಲಿ ಅಂಟಿತು. ಪದವಿಪತ್ರ ಎಲ್ಲಿಟ್ಟೆನೋ ಮರೆತಿದ್ದೇನೆ, ಕಾಯಿಲೆ ಮಾತ್ರ ಉಳಿದಿದೆ. ಮರೆತೆ ಎನ್ನುವುದೂ ಅನುಮಾನವೇ. ಆ ಪತ್ರವನ್ನು ನಾನು ತಂದೇ ಇರಲಿಲ್ಲವೇನೋ.

ನನ್ನ ಹೆಂಡತಿ ಗಿರಿಜೆಗೆ ಉಬ್ಬಸ. ಅರಸೀಕೆರೆಯ ಹೊಗೆ ಅವಳಿಗೆ ಒಗ್ಗದೆಂದು ಎರಡು ವರ್ಷದ ಹಿಂದೆ ಕಣಕಟ್ಟೆಗೆ ಮನೆ ಬದಲಿಸಿದೆವು. "ನಡುವೆ ಇಷ್ಟೊಂದು ತೆಂಗಿನ ತೋಟ ಇವೆ, ಪೇಟೆ ಹೊಗೆ ಪೇಟೇಲೇ ಇರುತ್ತೆ" ಎಂದು ಭರವಸೆ ಕೊಟ್ಟವನು ನಾನೇ. ಈ ಬೇಸಿಗೆಯ ಶುರುವಿನಲ್ಲಿ ಟಾರಸಿಯ ಮೇಲೆ ಬಿಳಿ ಪಂಚೆ ಹಾಸಿ ಸಂಡಿಗೆ ಇಟ್ಟಿದ್ದ ಗಿರಿಜೆ, ಸಂಜೆ ಮಸಿ ಕೂತ ಸಂಡಿಗೆ ತಂದು ತೋರಿಸಿದಳು. "ಅರಸೀಕೆರೆ ಇಲ್ಲಿಗೂ ಬಂತು ಕಣ್ರೀ. ನಾನು ಬಸ್ತಿಹಳ್ಳಿ ಅಕ್ಕನ ಮನೇಲಿ ನಾಲ್ಕು ತಿಂಗಳು ಇದ್ದು ಬರ್ಲಾ?"

"ಪೇಟೆಯದೇ ಮಸಿ ಅನ್ನೋಕೆ ಸಾಕ್ಷಿ ಏನು?" ಎಂದೆ.

ಪಕ್ಕದ ಮನೆಯ ಸಿದ್ದಮ್ಮ ಬೇಲಿಯಾಚೆಯಿಂದಲೇ ನಕ್ಕರು. "ಹೊಗೆಗೆ ಊರ ಗಡಿ ಯಾರು ತೋರ್ಸವ್ರೆ ಮೇಷ್ಟ್ರೇ? ಗಾಳಿ ಆ ಕಡೆಯಿಂದ ಬೀಸ್ದಾಗೆಲ್ಲ ನಮ್ಗೆ ವಾಸ್ನೆ ಬತ್ತೈತೆ. ಓದ್ದೋರಿಗೆ ಮೂಗು ಇರಾಕಿಲ್ವಾ?"

ಮೂಗು ಸಾಕ್ಷಿಯಲ್ಲ. ನಾನು ಪರೀಕ್ಷೆಗಿಳಿದೆ. ಒಂದು ಪಂಚೆ ಟಾರಸಿಯಲ್ಲಿ, ಇನ್ನೊಂದು ನಡುಮನೆಯ ಮಂಚದ ಮೇಲೆ. ಟಾರಸಿಯದು ಮಾತ್ರ ಮಾಸಿದರೆ ಮಸಿ ಹೊರಗಿನ ಗಾಳಿಯದು. ಫಲಿತಾಂಶ ಬರುವ ತನಕ ಬಸ್ತಿಹಳ್ಳಿಯ ಮಾತು ಬೇಡ ಎಂದೆ. ಗಿರಿಜೆ ಸುಮ್ಮನಾದಳು, ಅವಳ ಕೆಮ್ಮು ಸುಮ್ಮನಾಗಲಿಲ್ಲ. ವಾರ ಬಿಟ್ಟು ನೋಡಿದರೆ ಎರಡು ಪಂಚೆಯೂ ಮಾಸಿದ್ದವು. ಬೇರೆ ಯಾರೇ ಆದರೂ ಹೊಗೆ ನಡುಮನೆಗೂ ನುಗ್ಗಿದೆ ಎಂದು ತಿಳಿಯುತ್ತಿದ್ದರು. ನನಗೆ ಅನುಮಾನ ಬಂದದ್ದು ನನ್ನ ನೆನಪಿನ ಮೇಲೆ. ಒಳಗಿನ ಪಂಚೆಯನ್ನೂ ನಾನೇ ಯಾವಾಗಲೋ ಹೊರಗೆ ಒಣಹಾಕಿ ಮರೆತಿರಬೇಕು! ಎರಡನ್ನೂ ಒಗೆದು ಮತ್ತೆ ಹಾಸಿದೆ.

ಎರಡನೇ ವಾರ ಮುಗಿಯುವ ಮೊದಲೇ ಒಂದು ಬೆಳಿಗ್ಗೆ ಉಬ್ಬಸ ಹೆಚ್ಚಿ ಗಿರಿಜೆಗೆ ಮಾತೇ ಹೊರಡಲಿಲ್ಲ. ಆಟೋದಲ್ಲಿ ಕರೆದುಕೊಂಡು ಓಡಿದ್ದು ಮತ್ತೆ ಅರಸೀಕೆರೆಗೇ. ಆಸ್ಪತ್ರೆ ಇರುವುದು ಅಲ್ಲಿ. ಡಾಕ್ಟರು ಅವಳ ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟು, ತಲೆಯೆತ್ತದೆ, "ಎಷ್ಟು ದಿನದಿಂದ ಹೀಗಿದೆ? ಇಷ್ಟು ಆಗೋ ತನಕ ಏನು ಮಾಡ್ತಿದ್ರಿ?" ಎಂದು ನನ್ನನ್ನು ಕೇಳಿದರು. ಯುಗಾದಿಯಿಂದಲೇ? ಶಿವರಾತ್ರಿಗೂ ಮೊದಲೇ? ನೆನಪಿಗೆ ಎಷ್ಟು ಕೈಹಾಕಿದರೂ ಏನೂ ಸಿಗಲಿಲ್ಲ.

ಗಿರಿಜೆ ಮೂಗಿನ ಮೇಲಿನ ಆಕ್ಸಿಜನ್ ಮಾಸ್ಕ್ ಸರಿಸಿ, ಒಂದೊಂದೇ ಮಾತು ಹೆಕ್ಕಿ ಹೇಳಿದಳು. "ನಿನ್ನೆಯಿಂದ ಡಾಕ್ಟ್ರೇ. ಇವರು... ತಕ್ಷಣ ಕರ್ಕೊಂಡು ಬಂದ್ರು."

ಜೀವಮಾನದಲ್ಲಿ ಮೊದಲ ಸಲ, ನಾನು ಸಾಕ್ಷಿ ಕೇಳಲಿಲ್ಲ. ಹೌದು ಎಂದು ತಲೆಯಾಡಿಸಿದೆ.