ಐದನೆಯ ದರ್ಜೆಯ ಸಾರಿ

ಅಕ್ಟೋಬರ್ ತಿಂಗಳ ಒಂದು ಮಂಗಳವಾರ ಹಾರ್ಲ್‌ಬಿ ಪುರಸಭೆಯ ಇಬ್ಬರು ನೌಕರರು ಊರ ಸ್ಮಶಾನದ ಸಮಾಧಿಕಲ್ಲುಗಳನ್ನು ನಿಯಮಾನುಸಾರ ಕೈಯಿಂದ ತಳ್ಳಿ ನೋಡಿದರು. ಸಡಿಲವಾದ ಕಲ್ಲು ಯಾರ ಮೇಲಾದರೂ ಬಿದ್ದೀತೆಂಬುದು ಪುರಸಭೆಯ ಕಾಳಜಿ. ಮಾರ್ಜರಿ ಥ್ರೆಲ್‌ಫಾಲ್ ಅವರ ಕಲ್ಲು ಎರಡು ಸಲ ತಳ್ಳಿದರೂ ಅಲುಗಾಡಲಿಲ್ಲ. ಮೂರನೆಯ ಸಲ ಇಬ್ಬರೂ ಸೇರಿ ತಳ್ಳಿದಾಗ ಅಲುಗಾಡಿತು. ಸಾರ್ವಜನಿಕರ ಸುರಕ್ಷತೆಗಾಗಿ ಅದನ್ನು ಬೋರಲಾಗಿ ಮಲಗಿಸಲಾಯಿತು.

ಭಾನುವಾರ ಹೂ ಹಿಡಿದು ಹೋದ ಅವರ ಗಂಡ, ನಿವೃತ್ತ ಶಾಲಾ ಮೇಷ್ಟ್ರು ಡೆಸ್ಮಂಡ್, ಹೂವನ್ನು ಎಲ್ಲಿಡಬೇಕೆಂದು ತಿಳಿಯದೆ ಮನೆಗೆ ವಾಪಸು ತಂದರು. ಮರುದಿನ ಪುರಸಭೆಗೆ ಹೋದರು. ಬಾಗಿಲಲ್ಲಿ ಒಬ್ಬರ ಕಾಲು ತುಳಿದರು. ತುಳಿಸಿಕೊಂಡವರು ‘ಸಾರಿ’ ಎಂದರು.

ಕೌಂಟರಿನಲ್ಲಿ ಕೂತಿದ್ದ ಬೆವರ್ಲಿ ಆಗ್ಡೆನ್, ಡೆಸ್ಮಂಡರ ಹಳೆಯ ವಿದ್ಯಾರ್ಥಿನಿ.

“ಕಲ್ಲು ಎತ್ತಿ ನಿಲ್ಲಿಸಿ. ಆಮೇಲೆ ಯಾರಾದ್ರೂ ಒಬ್ರು ಸಾರಿ ಅನ್ನಿ. ಅಷ್ಟೇ ನಂಗೆ ಬೇಕಾಗಿರೋದು,” ಎಂದರು ಡೆಸ್ಮಂಡ್.

“ಯಾವ ದರ್ಜೇದು ಮೇಷ್ಟ್ರೇ?”

ಈ ಬಗ್ಗೆ ಸುತ್ತೋಲೆಯಿದೆ. ದಾರಿ ಬಿಡಿಸಿಕೊಳ್ಳುವ ಸಾರಿ, ಕೇಳಿಸದಿದ್ದಾಗಿನ ಸಾರಿ, ಜಗಳ ತೆಗೆಯುವ ಮುಂಚಿನ ಸಾರಿ, ಸಾವಿನ ಮನೆಯ ಸಾರಿ: ಈ ನಾಲ್ಕನ್ನು ನೌಕರರು ಸ್ವಂತ ವಿವೇಚನೆಯಿಂದ ಬಳಸಬಹುದು. ಐದನೆಯದು, ತಪ್ಪು ನಮ್ಮದೆಂಬ ಸಾರಿ. ಅದಕ್ಕೆ ವಿಮಾ ಕಂಪನಿಯ ಲಿಖಿತ ಅನುಮತಿ ಬೇಕು. ಹದಿನಾಲ್ಕು ವರ್ಷಗಳಲ್ಲಿ ಯಾವ ನೌಕರರಿಗೂ ಅದರ ಅಗತ್ಯ ಬಿದ್ದಿಲ್ಲ.

“ನಾಲ್ಕನೇದು ಈಗ್ಲೇ ಕೊಡ್ತೀನಿ. ನಿಮ್ಮ ಮನೆಯೋರು ತೀರ್ಕೊಂಡಿದ್ದಕ್ಕೆ ಸಾರಿ.”

“ಅವಳು ಹೋಗಿದ್ದು ನಿಮ್ಮ ತಪ್ಪಲ್ಲ ಬೆವರ್ಲಿ. ಕಲ್ಲು ಬೀಳ್ಸಿದ್ದು ನಿಮ್ಮ ತಪ್ಪು.”

“ಸಾರಿ?”

“ಹಾಂ! ಇದು ಐದನೇದಾ?”

“ಎರಡನೇದು. ಕೇಳಿಸ್ಲಿಲ್ಲ.”

ಡೆಸ್ಮಂಡ್ ಟೋಪಿ ಎತ್ತಿಕೊಂಡು ಎದ್ದರು. ಹಿಂದೆ ಸರದಿಯಲ್ಲಿ ಏಳು ಜನ ನಿಂತಿದ್ದರು. ಎಪ್ಪತ್ತಾರು ವರ್ಷದ ಅಭ್ಯಾಸದಂತೆ ಅವರ ಬಾಯಿಂದ ಮಾತು ಜಾರಿತು: “ಸಾರಿ ಕಣಮ್ಮ.”

ಬೆವರ್ಲಿ ಪೆನ್ನು ಎತ್ತಿಕೊಂಡಳು. “ಯಾವ ವಿಷಯಕ್ಕೆ ಮೇಷ್ಟ್ರೇ? ಪೂರ್ತಿ ವಾಕ್ಯದಲ್ಲಿ ಹೇಳಿ. ನೀವೇ ಕಲ್ಸಿದ್ದು.”

“ಕಲ್ಲಿನ ವಿಷಯದಲ್ಲಿ ನಿಂಗೆ ತೊಂದ್ರೆ ಆಗಿದ್ದಕ್ಕೆ ಸಾರಿ,” ಎಂದರು ಡೆಸ್ಮಂಡ್.

ನಾಗರಿಕರು ಐದನೆಯ ದರ್ಜೆಯ ಸಾರಿ ಹೇಳಲು ಯಾರ ಅನುಮತಿಯೂ ಬೇಕಿಲ್ಲ. ಬೆವರ್ಲಿ ಸಮಯ ನಮೂದಿಸಿ ಮೊಹರು ಒತ್ತಿದಳು.

ಮೂರು ವಾರಗಳಲ್ಲಿ ಪತ್ರ ಬಂತು. ‘ಕಲ್ಲಿನ ವಿಷಯದಲ್ಲಿ ತಾವು ಕೋರಿದ ಕ್ಷಮೆಯನ್ನು ಪುರಸಭೆಯು ತುಂಬುಹೃದಯದಿಂದ ಸ್ವೀಕರಿಸಿದೆ. ತಪ್ಪು ತಮ್ಮದೆಂದು ದಾಖಲಾಗಿರುವುದರಿಂದ ತಾವು ಸದರಿ ಕಲ್ಲನ್ನು ಎತ್ತುವುದಾಗಲೀ ಹೊರಳಿಸುವುದಾಗಲೀ ಕೂಡದು. ಕಡತವನ್ನು ಮುಕ್ತಾಯಗೊಳಿಸಲಾಗಿದೆ.’

“ಒಪ್ಕೊಂಡಿದ್ದು ಒಳ್ಳೇದಾಯ್ತು ಬಿಡಿ, ಮನಸ್ಸು ಹಗುರಾಗತ್ತೆ,” ಎಂದರು ಚರ್ಚಿನ ಪಾದ್ರಿ. ಪಕ್ಕದ ಮನೆಯವರು ಕೇಕು ತಂದುಕೊಟ್ಟರು. ಪುರಸಭೆಯ ಉದಾರತೆಗೆ ಡೆಸ್ಮಂಡ್ ಎರಡು ಸಾಲಿನ ಕೃತಜ್ಞತಾ ಪತ್ರ ಬರೆದರು. ಬೆವರ್ಲಿ ಅದನ್ನೂ ಕಡತಕ್ಕೆ ಸೇರಿಸಿದಳು.

ಡಿಸೆಂಬರಿನಲ್ಲಿ ಪುರಸಭೆಯವರು ಬೋರಲು ಬಿದ್ದ ಕಲ್ಲಿನ ಪಕ್ಕ, ನಿಯಮದಂತೆ, ಹೊಣೆಗಾರರ ಹೆಸರಿನ ಫಲಕ ನೆಟ್ಟರು. ಆ ಸಮಾಧಿಯ ಬಳಿ ಈಗ ಓದಲು ಸಿಗುವ ಹೆಸರು ಡೆಸ್ಮಂಡ್ ಥ್ರೆಲ್‌ಫಾಲ್.