ತೆವಳದೆ ನಿಂತ ಯಂತ್ರ

ನಾನು ಎಷ್ಟೇ ನೆಟ್ಟಗೆ ನಿಂತರೂ, ಆಳಂದದ ಹುಡುಗಿಯರ ಹಾಸ್ಟೆಲಿನಲ್ಲಿ ಮೇಟ್ರನ್ ಆಗಿದ್ದಷ್ಟು ಕಾಲ ತಲೆ ತಗ್ಗಿಸುವ ಪ್ರಸಂಗಗಳು ತಪ್ಪಲಿಲ್ಲ. ತೊಂಬತ್ತರ ದಶಕದಲ್ಲೊಮ್ಮೆ ಒಂದೇ ಯಂತ್ರ ನನ್ನ ತಲೆಯನ್ನು ಮೂರು ಸಲ ತಗ್ಗಿಸಿತು.

ಪೂರ್ವಜ

ಮಾದನಹಿಪ್ಪರಗಾದ ಹುಡುಗಿಯೊಬ್ಬಳು ವಿಜ್ಞಾನ ಪ್ರದರ್ಶನಕ್ಕೆ ನಡೆಯುವ ಯಂತ್ರ ಮಾಡುತ್ತಿದ್ದಳು. ಆಳಂದ, ಅಫಜಲಪುರ, ಜೇವರ್ಗಿಯ ಶಾಲೆಗಳೆಲ್ಲ ಸೇರುವ ಪ್ರದರ್ಶನ. ಮೊದಲ ಬಹುಮಾನ ಬಂದರೆ ಮಾತ್ರ ಕಾಲೇಜಿನಲ್ಲಿ ಸೈನ್ಸ್ ಓದಿಸುತ್ತೇನೆ ಎಂದಿದ್ದ ಅವಳಪ್ಪ. ಸೈನ್ಸ್ ಓದಿದ ಹುಡುಗಿಯರಿಗೆ ವಿನಯ ಇರುವುದಿಲ್ಲ ಎಂಬುದು ಅವನ ಹೆದರಿಕೆ.

ತಪಾಸಣೆಗೆ ಬಂದ ಅಧಿಕಾರಿಯ ಎದುರೇ ಅವಳ ಮಂಚದಡಿಯಿಂದ ಬಿದಿರಿನ ಕಾಲುಗಳ ರಾಶಿ ಹೊರಬಿತ್ತು.

"ಏನಿದು ಕಸ?" ಎಂದೆ.

"ಕಸ ಅಲ್ರಿ ಅಕ್ಕೋರ, ಸತ್ತ ಪೀಳಿಗಿ. ಹೆಚ್ಚು ದೂರ ನಡದದ್ದರ ಅಳತಿ ಇಟ್ಕೊಂಡು, ಸ್ವಲ್ಪ ಬದಲಿ ಮಾಡಿ ಮುಂದಿಂದು ಕಟ್ಟಾಕತ್ತೇನಿ. ಪ್ರಾಣಿಗಳೂ ಹಿಂಗೇ ಬದಲಾಗ್ಯಾವಲ್ರಿ."

"ಮೋಟಾರು ಎಲ್ಲಿಯದು?" ಎಂದು ನಾನೇ ಕೇಳಿದೆ.

"ನಿಮ್ಮ ಟೇಪ್ ರೆಕಾರ್ಡರ್ರಿ. ಅದೇ ಮೂಲ ಪೂರ್ವಜ."

ಕೂಸು

ಯಂತ್ರ ಮೊದಲು ಹೊಟ್ಟೆಯ ಮೇಲೆ ತೆವಳಿ, ಆಮೇಲೆ ಮಡಚಿದ ಕಾಲು ಬಿಚ್ಚಿ ಏಳುತ್ತಿತ್ತು.

"ನಮ್ಮಕ್ಕನ ಕೂಸು ಹಿಂಗೇ ನಡಿಯೋದು ಕಲ್ತದ್ರಿ. ಕಪ್ಪಿಮರಿಗೂ ಕಾಲು ಆಮ್ಯಾಲೇ ಬರ್ತಾವ."

"ಕಾನ್ವೆಂಟಿನಲ್ಲಿ ನಮ್ಮನ್ನು ಗೋಡೆಗೆ ಒರಗಲೂ ಬಿಡುತ್ತಿರಲಿಲ್ಲ. ಅತಿಥಿಗಳ ಮುಂದೆ ನನ್ನ ಹಾಸ್ಟೆಲಿನದು ಯಾವುದೂ ತೆವಳಕೂಡದು."

"ನೀವು ಸಣ್ಣವರಿದ್ದಾಗ ತೆವಳಿಲ್ಲೇನ್ರಿ?"

"ಇಲ್ಲ."

ಊರಿಂದ ಬಂದಿದ್ದ ನನ್ನ ತಾಯಿ ಒಳಗಿನಿಂದಲೇ ಹೇಳಿದಳು: "ಎರಡು ವರ್ಷದ ತನಕ ತೆವಳ್ಯಾಳವ್ವಾ. ನಿಂದ್ರಂದ್ರ ಅಳ್ತಿದ್ದಳು."

ನಮಸ್ಕಾರ

ಆದರೂ ನನ್ನ ಮಾತೇ ನಡೆಯಿತು. ಕಾಲು ಮಡಚದಂತೆ ಸುತಳಿಯಿಂದ ಬಿಗಿಸಿದೆ. ಪ್ರದರ್ಶನದಲ್ಲಿ ಮುಖ್ಯ ಅತಿಥಿಯ ಮುಂದೆ ಯಂತ್ರ ನನ್ನಂತೆಯೇ ನೆಟ್ಟಗೆ ನಿಂತಿತು. ಗುಂಡಿ ಒತ್ತಿದ್ದೇ ತಡ, ಮಕಾಡೆ ಅವರ ಪಾದದ ಮೇಲೆ ಬಿತ್ತು.

ಹುಡುಗಿಯ ಕಾಲೇಜು ನನ್ನ ಸುತಳಿಯಿಂದಲೇ ಹೋಯಿತೆಂದು ಕಣ್ಣು ಮುಚ್ಚಿಕೊಂಡೆ.

"ಅರೆ, ಸಾಷ್ಟಾಂಗ ಹಾಕ್ತಲ್ರಿ," ಎಂದರು ಅತಿಥಿ. "ಏಳವ್ವಾ, ದೊಡ್ಡಾಕಿ ಆಗು."

ಹುಡುಗಿ ಸುತಳಿ ಕಿತ್ತು, ಉದುರಿದ್ದ ಸೆಲ್ಲುಗಳನ್ನು ಅವಸರದಲ್ಲಿ ಉಲ್ಟಾ ಹಾಕಿದಳು. ಯಂತ್ರ ತೆವಳುತ್ತ ಹಿಂದಕ್ಕೆ ಸರಿಯಿತು.

"ನೋಡ್ರಿ, ದೊಡ್ಡವರಿಗೆ ಬೆನ್ನು ತೋರಸಂಗಿಲ್ಲ ಅದು," ಎಂದರು ಅತಿಥಿ ಮತ್ತೆ.

"ಸರ, ಅದು ಬಿದ್ದದ್ರಿ," ಎಂದು ಹುಡುಗಿ ಹೇಳಿದ್ದು ಚಪ್ಪಾಳೆಯಲ್ಲಿ ಯಾರಿಗೂ ಕೇಳಲಿಲ್ಲ. ಮೊದಲ ಬಹುಮಾನ ಬಂತು.

ಅವಳಪ್ಪ ರುಮಾಲು ಸರಿಪಡಿಸಿಕೊಂಡು ನನ್ನ ಬಳಿ ಬಂದ. "ಮಿಷನ್ನಿಗೇ ಇಷ್ಟು ವಿನಯ ಕಲಿಸೀರಿ ಅಕ್ಕೋರ. ಇಕಿ ಸೈನ್ಸೇ ಓದ್ಲಿ. ನಿಮ್ಮಂಗ ಆಗ್ಲಿ."

ನನಗೆ ಮುಖ ಎತ್ತಲಾಗಲಿಲ್ಲ.

"ಆಗ್ತೇನಿ ಅಪ್ಪಾ," ಎಂದಳು ಹುಡುಗಿ. "ಅಕ್ಕೋರೂ ಎರಡು ವರ್ಷ ತೆವಳ್ಯಾರಂತ."