ಯಜಮಾನರ ಎಡೆಗೆ ಆಲೂಗಡ್ಡೆ

ಬದುಕಿರುವವರಿಗೆ ಬಡಿಸುವುದು ಸುಲಭ. ಸೇರದಿದ್ದರೆ ತಟ್ಟೆ ನೂಕುತ್ತಾರೆ, ಗೊತ್ತಾಗುತ್ತದೆ. ಸತ್ತವರು ಬಾಯಿ ಬಿಡುವುದಿಲ್ಲ. ಮಹಾಲಯ ಅಮಾವಾಸ್ಯೆಗೆ ಅವರು ಇಷ್ಟಪಟ್ಟಿದ್ದನ್ನೇ ಮಾಡಿ ಎಡೆಯಿಡಬೇಕು, ಇಲ್ಲದಿದ್ದರೆ ಹಸಿದುಕೊಂಡೇ ಹಿಂದಿರುಗುತ್ತಾರಂತೆ. ನಮ್ಮ ಮಾವನಿಗೆ ಹೊಗೆಸೊಪ್ಪು, ಅತ್ತೆಗೆ ಎಲೆಯಡಿಕೆ, ಅವರದೇನೂ ತಾಪತ್ರಯವಿಲ್ಲ. ಈ ಬೇಸಿಗೆಯಲ್ಲಿ ಹೋದ ನಮ್ಮ ಯಜಮಾನರದೇ ತಂಟೆ. ಎಷ್ಟೋ ವರ್ಷದ ಹಿಂದೆ ಖಾತೆ ಕೆಲಸಕ್ಕೆಂದು ಅಮಲ್ದಾರರ ಕಚೇರಿಗೆ ತರೀಕೆರೆಗೆ ಹೋದವರು ಅಲ್ಲಿನ ಹೋಟೆಲಿನಲ್ಲಿ ಆಲೂಗಡ್ಡೆ ಪಲ್ಯ ತಿಂದು ಬಂದರು. ಸಾಯುವ ತನಕ ಅದನ್ನೇ ಹೊಗಳಿದರು. ಕೊನೆಗೆ ಹಾಸಿಗೆ ಹಿಡಿದಾಗಲೂ, “ಒಂದ್ಸಲ ಆ ಗಡ್ಡೆ ಪಲ್ಯ ಮಾಡೇ” ಅಂದರು. “ಗಂಜಿನೇ ಇಳಿಯಲ್ಲ ಗಂಟಲಲ್ಲಿ, ಗಡ್ಡೆ ಇಳೀತದಾ? ಸುಮ್ನೆ ಮಲಕ್ಕಳಿ” ಅಂದೆ. ಮಲಗಿದರು. ಮತ್ತೆ ಏಳಲಿಲ್ಲ.

ನಮ್ಮ ಅಜ್ಜಂಪುರದ ಕಡೆ ಆ ಗಡ್ಡೆ ಬೆಳೆಯುವವರಿಲ್ಲ. ಮಗಳು ಕಡೂರಿನ ಸಂತೆಯಲ್ಲಿ ಸಿಕ್ಕ ನಾಲ್ಕನ್ನು ಮಳೆಗಾಲದ ಮೊದಲಲ್ಲಿ ತಂದುಕೊಟ್ಟಳು. ಆಗಲೇ ಮೊಳಕೆ ಬಂದಿತ್ತು. ಹಿತ್ತಲಲ್ಲಿ ಹಾಕಿದರೆ ಹಂದಿ ಬಿಡುವುದಿಲ್ಲ. ತಳ ಬಿರುಕುಬಿಟ್ಟ ರಾಗಿ ಗುಡಾಣವೊಂದಿತ್ತು. ಮಣ್ಣು, ಗೊಬ್ಬರ, ಒಲೆಯ ಬೂದಿ ತುಂಬಿ ಅದರಲ್ಲೇ ಊರಿ ಜಗಲಿಯ ಮೇಲಿಟ್ಟೆ.

ನನ್ನ ಜೊತೆಯಲ್ಲೇ ಇರುವ ನಾದಿನಿ ಪುಟ್ಟಮ್ಮ ನಕ್ಕಳು. “ಹೊಲ ಬಿಟ್ಟು ಮಡಕೇಲಿ ಬೇಸಾಯ ಮಾಡೋಳು ನೀನೊಬ್ಳೇ ಕಣತ್ಗೆ.”

ಗಿಡ ಸೊಂಪಾಗಿ ಬಂತು. ಕೆಟ್ಟದ್ದು ನನ್ನ ಕೈಯಿಂದಲೇ. ಕೋಳಿಗೆ ಮೊಟ್ಟೆ ಕಟ್ಟಿದೆಯೋ ಇಲ್ಲವೋ ಎಂದು ಬೆಳಿಗ್ಗೆ ಬೆರಳು ಹಾಕಿ ನೋಡಿ ಬಿಡುವುದು ನನ್ನ ಅಭ್ಯಾಸ. ಗುಡಾಣಕ್ಕೂ ಅದನ್ನೇ ಮಾಡಿದೆ. ಮಣ್ಣೊಳಗೆ ಕೈಯಿಳಿಸುವುದು, ತಡಕುವುದು, ಹಿಸುಕಿ ನೋಡುವುದು.

“ಅತ್ಗೇ, ಅದು ಕೋಳಿಯಲ್ಲ, ಬಿಡು ಅದರ ಪಾಡಿಗೆ.”

“ನಿಮ್ಮಣ್ಣಂಗೆ ಬೇಕಾಗಿರೋದು ಈ ಅಮಾಸೆಗೆ ಕಣೇ, ಸಂಕ್ರಾಂತಿಗಲ್ಲ.”

ಬೇರು ಹರಿದಿರಬೇಕು, ಗಿಡ ಹಳದಿಯಾಗಿ ಒರಗಿತು. ಅಮಾವಾಸ್ಯೆಯ ಹಿಂದಿನ ದಿನ ಗುಡಾಣ ಬೋರಲು ಹಾಕಿದರೆ ನೆಲ್ಲಿಕಾಯಿ ಗಾತ್ರದವು ಒಂದು ಬೊಗಸೆ ಸಿಕ್ಕವು.

“ಎಡೆ ಅಣ್ಣಂಗೋ, ಗುಬ್ಬಿಗೋ?” ಅಂದಳು ಪುಟ್ಟಮ್ಮ.

ಪಲ್ಯ ಮಾಡಿ ಎಡೆಯಿಟ್ಟೆವು. ಕಾಗೆಯ ಪಾಲನ್ನು ಮಾಡಿನ ಮೇಲಿಟ್ಟು ಕಾದೆವು. ಕಾಗೆ ಬಂತು. ಬಾಡು ತಿಂದಿತು, ಕಜ್ಜಾಯ ತಿಂದಿತು. ಆಲೂಗಡ್ಡೆಯನ್ನು ಕೊಕ್ಕಿನಿಂದ ಆಚೆ ತಳ್ಳಿತು. “ಅಣ್ಣ ಮುನಿಸ್ಕಂಡವ್ನೆ” ಎಂದು ಪುಟ್ಟಮ್ಮ ಅಳತೊಡಗಿದಳು. ನನಗೆ ರೇಗಿತು. “ಇದನ್ನೇ ತಾನೇ ಕೇಳಿದ್ದು? ತಿನ್ನಿ ಮತ್ತೆ!” ಎಂದು ಕೂಗಿದೆ. ಕಾಗೆ ಹಾರಿಹೋಯಿತು.

ಉಳಿದದ್ದನ್ನು ನಾನೇ ತಿಂದೆ. ಜನ್ಮದಲ್ಲಿ ಮೊದಲ ಸಲ. ಉಪ್ಪು ಹಾಕಿದರೆ ಉಪ್ಪು, ಖಾರ ಹಾಕಿದರೆ ಖಾರ. ಅದಕ್ಕೆ ತನ್ನದೆಂಬ ರುಚಿಯೇ ಇಲ್ಲ. ಆಗ ಹೊಳೆಯಿತು. ಆ ಮನುಷ್ಯ ಅಷ್ಟು ವರ್ಷ ಹೊಗಳಿದ್ದು ಗಡ್ಡೆಯನ್ನಲ್ಲ, ನಾನು ಮಾಡದ ಒಂದು ಊಟವನ್ನು.

ಎಲೆ ಎತ್ತುತ್ತಾ ಪುಟ್ಟಮ್ಮ ಕೇಳಿದಳು: “ನಿನ್ನ ಎಡೆಗೆ ಏನಿಡಬೇಕು ಅಂತ ಈಗ್ಲೇ ಹೇಳ್ಬಿಡತ್ಗೆ.”

ಮದುವೆಯಾದಾಗಿನಿಂದ ನಾನು ಉಂಡಿರುವುದೂ ನನ್ನ ಅಡುಗೆಯನ್ನೇ.

“ಏನಾದ್ರೂ ಇಡು ಕಣೇ. ಬೇರೆ ಯಾರಾದ್ರೂ ಮಾಡಿದ್ದಾದ್ರೆ ಸಾಕು.”